ರೋಮಿನಲ್ಲಿ ಪಾಳಿ ಬದಲಾಗಲಿಲ್ಲ

ತಾನು ದಿನಾ ಮಾಡುವ ಕೆಲಸವೇ ಆಟವಾಗಿ ಎದುರಿಗೆ ಬಂದರೆ ಗೆಲುವು ಕಟ್ಟಿಟ್ಟ ಬುತ್ತಿ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ಇಚಲಕರಂಜಿಯ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ನಾನು ಸುಪರ್‌ವೈಸರ್. ಯಾರನ್ನು ಯಾವ ಮಗ್ಗಕ್ಕೆ ನಿಲ್ಲಿಸಬೇಕು, ಯಾರು ಯಾರ ಪಕ್ಕ ನಿಂತರೆ ಕೆಲಸ ಬಿಟ್ಟು ಹರಟೆ ಹೊಡೆಯುತ್ತಾರೆ, ಯಾರಿಗೆ ಗೋಡೆ ಕಡೆಯ ಮಗ್ಗ ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾರೆ, ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಗೆ ಮನೆಯಲ್ಲಿ ಎಂದೂ ಬೆಲೆ ಸಿಕ್ಕಿದ್ದಿಲ್ಲ. ಅಲ್ಲಿ ಕೆಲಸಕ್ಕೆ ಹಚ್ಚುವವಳು ನನ್ನ ಹೆಂಡತಿ ಶಾಂತಾ, ಹಚ್ಚಿಸಿಕೊಳ್ಳುವವನು ನಾನು.

ಹೀಗಿರುವಾಗ ಮಗನ ಮದುವೆಯಾಗಿ ಗಡಹಿಂಗ್ಲಜದಿಂದ ಸೊಸೆ ಅಶ್ವಿನಿ ಬಂದಳು. ಕೊಲ್ಹಾಪುರದ ಹಾಸ್ಟೆಲ್ಲಿನಲ್ಲಿದ್ದು ಓದಿದ ಹುಡುಗಿ. ಸೀರೆಗಳ ಜೊತೆಗೆ ಒಂದು ದೊಡ್ಡ ಡಬ್ಬಿ ತಂದಿದ್ದಳು. ಡಿನ್ನರ್ ಸೆಟ್ ಇರಬೇಕೆಂದು ಶಾಂತಾ ಅದನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟುಬಿಟ್ಟಳು. ಅದು ಹಳೆಯ ಕಾಲದ ರೋಮ್ ನಗರವನ್ನು ಕಟ್ಟುವ ಆಟ, ಇಳಿಸಿ ಕೊಡಿ ಎಂದು ಕೇಳುವ ಧೈರ್ಯ ಹುಡುಗಿಗಿರಲಿಲ್ಲ. ನಾನು ಮಾತಾಡಿಸಿದರೆ ‘ಹೌದ್ರಿ’, ‘ಇಲ್ರಿ’, ಅಷ್ಟೇ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಮಾತಾಡಿಸಿದೆ. ಆಗ ‘ಹೌದ್ರಿ’ಯೂ ನಿಂತುಹೋಯಿತು.

ಒಂದು ದಿನ ನೋಡಿದರೆ ಡಬ್ಬಿ ಕೆಳಗಿಳಿದಿದೆ, ಅಶ್ವಿನಿ ಅದನ್ನು ಚೀಲಕ್ಕೆ ತುಂಬುತ್ತಿದ್ದಾಳೆ. “ಕೊಲ್ಹಾಪುರದಾಗ ಗೆಳತಿ ಅದಾಳ್ರಿ ಅತ್ತಿ, ಅಕಿಗೆ ಕೊಟ್ಟ ಬರ್ತೀನಿ. ಇಲ್ಲಿ ಯಾರ ಆಡ್ತಾರ್ರಿ?” ಎಂದು ಶಾಂತಾಗೆ ಹೇಳುತ್ತಿದ್ದಳು. ನನಗೆ ಕೆಡುಕೆನಿಸಿತು. ಹೊಸ ಮನೆಗೆ ಬಂದ ಹುಡುಗಿ ತನಗೆ ಇಷ್ಟವಾದದ್ದನ್ನೆಲ್ಲ ಒಂದೊಂದಾಗಿ ಹೊರಗೆ ಸಾಗಿಸತೊಡಗಿದರೆ ಅವಳು ಆ ಮನೆಗೆ ಬಂದಂತೆಯೇ ಅಲ್ಲ. “ನಾ ಆಡ್ತೀನಿ!” ಎಂದುಬಿಟ್ಟೆ. ಹುಡುಗಿ ಬೆಚ್ಚಿದಳು. ಮಗನಿಗೆ ಮೊಬೈಲು ಬಿಟ್ಟರೆ ಬೇರೆ ಆಟ ಬಾರದು. ಹೀಗಾಗಿ ಮೂರನೆಯವಳಾಗಿ ಶಾಂತಾಳನ್ನೂ ಎಳೆದುಕೊಂಡು ರಜೆಯ ದಿನ ಮಧ್ಯಾಹ್ನ ಚಾಪೆ ಹಾಸಿ ಕೂತೆವು.

ಹಲಗೆಯ ಮೇಲೆ ಕಲ್ಲಿನ ಗಣಿ, ಕಾಡು, ಹೊಲ, ಸಂತೆ. ಕಟ್ಟಿಗೆಯ ಪುಟ್ಟ ಆಳುಗಳನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿದರೆ ಕಲ್ಲೋ ಮರವೋ ಗೋಧಿಯೋ ಸಿಗುತ್ತದೆ. ಅದರಿಂದ ದೇವಸ್ಥಾನ, ಕಾಲುವೆ, ಸ್ನಾನದ ಮನೆ ಕಟ್ಟಬೇಕು. ಒಬ್ಬರ ಆಳು ನಿಂತ ಜಾಗಕ್ಕೆ ಇನ್ನೊಬ್ಬರ ಆಳು ಹೋಗುವಂತಿಲ್ಲ. ಸುತ್ತು ಮುಗಿದಾಗ ಎಲ್ಲರನ್ನೂ ಮನೆಗೆ ಕರೆಸಿಕೊಂಡು ಊಟ ಹಾಕಬೇಕು. “ಇದ ಆಟಲ್ಲವ್ವ, ನನ್ನ ಡ್ಯೂಟಿ,” ಎಂದು ಮೀಸೆ ತಿರುವಿದೆ. ನನ್ನ ಆಳುಗಳನ್ನೆಲ್ಲ ಗಣಿಗೂ ಕಾಡಿಗೂ ಹಚ್ಚಿದೆ. ಮೊದಲ ಸುತ್ತು ಮುಗಿಯಿತು.

“ಮಾಮಾ, ಆಳು ವಾಪಸ್ ತಗೋರಿ,” ಎಂದಳು ಅಶ್ವಿನಿ.

“ಹೆಂಗ ತಗೊಳ್ಲಿ? ಬದಲಿ ಎಲ್ಲಿ ಬಂದಾನ?”

ನಮ್ಮ ಶೆಡ್ಡಿನಲ್ಲಿ ಮಗ್ಗ ನಿಲ್ಲುವುದಿಲ್ಲ. ಪಾಳಿ ಮುಗಿದರೂ ಬದಲಿಯವನು ಬಂದು ಪಕ್ಕಕ್ಕೆ ನಿಲ್ಲುವ ತನಕ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ಈ ಶಿಸ್ತು ಕಲಿಸುವುದರಲ್ಲೇ ನನ್ನ ಕೂದಲು ಬೆಳ್ಳಗಾಗಿದೆ. ಆದರೆ ಆಟದಲ್ಲಿ ನನ್ನವನು ಏಳದೆ ಇನ್ನೊಬ್ಬನು ಬರುವಂತಿಲ್ಲ. ಬದಲಿ ಬರದೆ ನನ್ನವನು ಏಳುವಂತಿಲ್ಲ. ರೋಮ್ ಅಲ್ಲಿಗೇ ನಿಂತಿತು. “ಗಣಿ ಹಂಗs ಬಿಟ್ಟ ಬಾ ಅಂತ ನಾ ಹೆಂಗ ಹೇಳ್ಲಿ?” ಎಂದು ನಾನು ನ್ಯಾಯ ಮಂಡಿಸುತ್ತ ಹೋದೆ. ತಲೆಯೆತ್ತಿ ನೋಡಿದರೆ ಅಶ್ವಿನಿ ಒಂದೊಂದೇ ಆಳನ್ನು ಡಬ್ಬಿಗೆ ಹಾಕುತ್ತಿದ್ದಳು.

“ಯಾಕವ್ವಾ, ತಗ್ಯಾಕತ್ತಿಯಲ್ಲ?” ಎಂದಳು ಶಾಂತಾ.

“ಮಾಮಾಗ ಸಿಟ್ಟ ಬಂದೈತ್ರಿ.”

“ಅಯ್ಯ, ಸಿಟ್ಟಲ್ಲ ಅದು! ಮಗ್ಗದ ಗದ್ದಲದಾಗ ದುಡದ ದುಡದ ದನೀನs ಹಂಗಾಗೇತಿ. ಖರೇ ಸಿಟ್ಟ ಬಂದ್ರ ಇವರು ಮಾತs ಆಡಂಗಿಲ್ಲ.”

ಅಶ್ವಿನಿ ನನ್ನನ್ನೇ ನೋಡಿದಳು. “ಹಂಗಾರ ದಿನಾ ಮುಂಜಾನೆ ಚಾ, ಚಾ ಅಂತ ಬೈತಿದ್ರಲ್ರಿ...”

“ಚಾ ಕೇಳತಿದ್ದೆವ್ವಾ!” ಎಂದು ಕೂಗಿದೆ.

ಈ ಸಲ ಹುಡುಗಿ ಬೆಚ್ಚಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬದಲಿಯಿಲ್ಲದೆಯೇ ನನ್ನ ಆಳುಗಳನ್ನೆಲ್ಲ ಗಣಿಯಿಂದ ಎಬ್ಬಿಸಿಬಿಟ್ಟೆ.

ಎಬ್ಬಿಸಿದರೆ ಅವರಿಗೆ ಊಟವಿಲ್ಲ. ಎಲ್ಲರನ್ನೂ ಕಲ್ಲು ಹೊರಲು ಕಳಿಸಿದ ನಾನು ಒಬ್ಬನನ್ನೂ ಹೊಲಕ್ಕೆ ಕಳಿಸಿರಲಿಲ್ಲ. ಶಾಂತಾ ಮೊದಲು ಮಾಡಿದ್ದೇ ಹೊಲದ ಕೆಲಸ. “ದುಡದ ಬಂದ ಮಂದಿ ಉಪಾಸ ಮಲಗತಾರೇನ್ರಿ? ತಗೋರಿ,” ಎಂದು ತನ್ನ ಗೋಧಿಯನ್ನು ನನ್ನ ಕಡೆ ಸರಿಸಿದಳು. ಅಶ್ವಿನಿ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, “ಕೊಡಬಾರ್ದು ಅಂತ ಎಲ್ಲೂ ಬರದಿಲ್ರಿ,” ಎಂದು ತೀರ್ಪು ಕೊಟ್ಟಳು. ಹೀಗೆ ಇಡೀ ರೋಮಿಗೆ ಊಟಕ್ಕೆ ಬಡಿಸುತ್ತಲೇ ಶಾಂತಾ ಗೆದ್ದಳು. ನಾನು ಕಟ್ಟಿದ್ದು ಒಂದು ಅರ್ಧ ಕಾಲುವೆ.

ಸಂಜೆ ಅಶ್ವಿನಿ ಗೆಳತಿಗೆ ಫೋನು ಮಾಡಿದಳು. “ನಕೋ ಗ, ಡಬಾ ಇಥೇಚ್ ರಾಹೂ ದೇ. ಆಮಚ್ಯಾ ಘರೀ ಖೇಳಾಯಲಾ ಮಾಣಸಂ ಆಹೇತ,” ಎನ್ನುತ್ತಿದ್ದಳು. ಡಬ್ಬಿ ಇಲ್ಲೇ ಇರಲಿ, ನಮ್ಮ ಮನೆಯಲ್ಲಿ ಆಡಲು ಜನ ಇದ್ದಾರೆ! ಅಲ್ಲಿಯವರೆಗೆ ಅವಳ ಬಾಯಲ್ಲಿ ನಮ್ಮ ಮನೆ ಎಂದರೆ ಗಡಹಿಂಗ್ಲಜದ ಮನೆ. ಆ ಮರಾಠಿ ಮಾತು ನನಗೆ ಎಷ್ಟು ಸಿಹಿಯಾಗಿ ಕೇಳಿಸಿತೆಂದು ಹೇಳಲಾರೆ.

ಆ ಹುರುಪಿನಲ್ಲೇ ಮುಂದಿನ ರಜೆಗೆ ಎಲ್ಲರಿಗಿಂತ ಮೊದಲು ಹೋಗಿ ಚಾಪೆಯ ಮೇಲೆ ಕೂತು ನನ್ನ ಆಳುಗಳಿಗೆ ಕೈ ಚಾಚಿದೆ.

“ಮಾಮಾ, ಶೆಡ್ಡಿಗೆ ಹೊಸಬ ಬಂದ್ರ ಏನ ಮಾಡ್ತೀರಿ?” ಎಂದು ಕೇಳಿದಳು ಅಶ್ವಿನಿ.

“ಅವಗ ಮಗ್ಗ ಕೊಡಂಗಿಲ್ಲವ್ವ. ಬಲ್ಲವರ ಬಾಜೂಕ ನಿಂದರಸ್ತೀನಿ, ನೋಡಿ ಕಲೀಲಿ ಅಂತ,” ಎಂದೆ, ಕೊನೆಗೂ ನನ್ನ ವಿದ್ಯೆಯನ್ನು ಕೇಳುವವರು ಸಿಕ್ಕರೆಂದು ಹಿಗ್ಗಿ.

ಅವಳು ನನ್ನ ಬಣ್ಣದ ಆಳುಗಳನ್ನು ಮೆತ್ತಗೆ ಡಬ್ಬಿಗೆ ಹಾಕಿ ಮುಚ್ಚಿದಳು. “ಹಂಗಾರ ಅತ್ತಿ ಬಾಜೂಕ ಕೂಡ್ರಿ.”

ಕೂತೆ. ಅದಾಗಿ ಎಷ್ಟೋ ರಜೆಗಳು ಕಳೆದಿವೆ, ಇನ್ನೂ ಅಲ್ಲೇ ಕೂತಿದ್ದೇನೆ. ನನಗೂ ಆಳು ಕೊಡು ಎಂದು ಕೇಳಿದಾಗಲೆಲ್ಲ ಅವಳು, “ಇನ್ನೂ ಕೈ ಕುದರಬೇಕ್ರಿ ಮಾಮಾ,” ಎಂದು ಚಾ ತರಲು ನನ್ನನ್ನೇ ಅಡುಗೆಮನೆಗೆ ಅಟ್ಟುತ್ತಾಳೆ.