ಅಳಿಯ ಅಳೆದ ಅಭಿಮಾನ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಕ್ರಿಯಾಪದ.

ಊರಿನ ನೀರಿನ ಟ್ಯಾಂಕಿಗೆ ಹೊಸ ಬಣ್ಣ ಬಳಿಯಬೇಕಾಗಿತ್ತು. ಕೆಂಪು ಫುಟ್‌ಬಾಲ್ ಕ್ಲಬ್ಬಿನವರು ಅದು ಕೆಂಪೇ ಆಗಬೇಕೆಂದರು. ಕೆಂಪು ಟ್ಯಾಂಕಿನ ನೀರು ತಮ್ಮ ಗಂಟಲಲ್ಲಿ ಇಳಿಯುವುದಿಲ್ಲವೆಂದು ನೀಲಿ ಕ್ಲಬ್ಬಿನವರು ಹೇಳಿದರು. ಪುರಸಭೆಯವರು ಅಳೆದೂ ಸುರಿದೂ ಕೊನೆಗೊಂದು ಠರಾವು ಹೊರಡಿಸಿದರು: ‘ಎರಡು ಕ್ಲಬ್ಬುಗಳಲ್ಲಿ ಯಾವುದರ ಜನಪ್ರಿಯತೆ ಹೆಚ್ಚೆಂಬುದನ್ನು ಅಳೆದು ವರದಿ ಸಲ್ಲಿಸತಕ್ಕದ್ದು.’ ‘ಎಣಿಸಿ’ ಎಂದು ಬರೆದಿದ್ದರೆ ಕಡತ ಜನಗಣತಿಯವರ ಮೇಜಿಗೆ ಹೋಗುತ್ತಿತ್ತು. ‘ಅಳೆದು’ ಎಂದಿದ್ದುದರಿಂದ ಸೋಮವಾರ ಬೆಳಿಗ್ಗೆ ನೆಟ್ಟಗೆ ಅಳತೆಗಾರನ ಮೇಜಿನ ಮೇಲೆ ಬಂದು ಕುಳಿತಿತು.

ಅಳತೆಗಾರನೆಂದರೆ ಚರಂಡಿ, ಕಾಂಪೌಂಡು, ನಿವೇಶನಗಳ ಉದ್ದಗಲ ಅಳೆಯುವವನು. ಫುಟ್‌ಬಾಲಿನ ಬಗ್ಗೆ ಅವನಿಗೆ ತಿಳಿದದ್ದು ಚೆಂಡು ದುಂಡಗಿರುತ್ತದೆಂಬುದಷ್ಟೇ.

“ಸಾರ್, ಜನಪ್ರಿಯತೆಗೆ ಉದ್ದ ಎಲ್ಲಿರುತ್ತೆ?” ಎಂದು ಸಾಹೇಬರನ್ನು ಕೇಳಿದ.

“ಹುಡುಕಿ! ಟೇಪು ನಿಮ್ಮ ಹತ್ರ ತಾನೇ ಇರೋದು?” ಎಂದರು ಸಾಹೇಬರು. “ನಮೂನೇಲಿ ‘ಮೀಟರ್’ ಅಂತ ಕಾಲಂ ಇದೆ. ಅದು ಖಾಲಿ ಇದ್ರೆ ವರದಿ ವಾಪಸ್. ಬಣ್ಣದವನು ಆಗ್ಲೇ ಏಣಿ ಹತ್ತಿ ಕೂತಿದಾನೆ. ಸಂಜೆ ಐದರೊಳಗೆ ಮುಗಿಸಿಕೊಡಿ, ಕ್ವಾರ್ಟರ್ಸ್ ನಿಮ್ಮ ಹೆಸರಿಗೆ ಬರೀತೀನಿ.”

ಕ್ವಾರ್ಟರ್ಸ್! ಆ ಮಾತಿಗೆ ಅಳತೆಗಾರನ ಕೈ ತಾನಾಗಿ ಜೇಬಿಗಿಳಿಯಿತು. ನಾಲ್ಕು ವರ್ಷದಿಂದ ಅವನು ಮನೆಅಳಿಯ. ಅತ್ತೆಮಾವಂದಿರ ಮನೆಯ ಪಡಸಾಲೆಯಲ್ಲಿ, ಒಂದು ಪರದೆಯ ಹಿಂದೆ ಅವನದೂ ಹೆಂಡತಿಯದೂ ಸಂಸಾರ. ಮಾವ ಕೆಂಪು, ಅತ್ತೆ ನೀಲಿ. ಆದ್ದರಿಂದ ಪರದೆಯೂ ಅರ್ಧ ಕೆಂಪು, ಅರ್ಧ ನೀಲಿ. ಟೀವಿ ಇದ್ದದ್ದು ಪರದೆಯ ಈಚೆ, ಇವನ ಮಂಚದ ಎದುರಿಗೆ. ಆಟವಿದ್ದ ದಿನ ಇಬ್ಬರೂ ಇವನ ಮಂಚವೇರಿ ಕುಳಿತು ಒಬ್ಬರನ್ನೊಬ್ಬರು ಶಪಿಸುತ್ತಿದ್ದರು. ಇವನು ಅಡುಗೆಮನೆಯಲ್ಲಿ ಡಬ್ಬಗಳ ನಡುವೆ ಡಬ್ಬದಂತೆ ನಿಲ್ಲುತ್ತಿದ್ದ. ಕ್ವಾರ್ಟರ್ಸಿಗಾದರೋ ಬಾಗಿಲಿತ್ತು. ಎಂದಾದರೂ ಹಾಕಿಕೊಳ್ಳುವೆನೆಂದು ಅವನು ಎರಡು ವರ್ಷದ ಹಿಂದೆಯೇ ಒಂದು ಹಿತ್ತಾಳೆ ಚಿಲಕ ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ. ಸವರಿ ಸವರಿ ಅದು ಕನ್ನಡಿಯಾಗಿತ್ತು.

ಹೆಂಡತಿಗೆ ಫೋನು ಮಾಡಿ ಪಿಸುಗುಟ್ಟಿದ: “ಇವತ್ತು ಸಂಜೆಗೆ ಬಾಗಿಲು!”

“ನಿಜವಾಗ್ಲೂ? ನನ್ನಾಣೆಗೂ?” ಎಂದಳು ಅವಳು. “ಹಾಗಾದ್ರೆ ಬಟ್ಟೆಬರೆ ಎಲ್ಲ ಬೇಗ ಒಗೆದು ಗಂಟು ಕಟ್ಟಿಬಿಡ್ತೀನಿ. ನೀವು ಮಾತ್ರ ಎಡವಟ್ಟು ಮಾಡ್ಕೋಬೇಡಿ.”

ಮೊದಲು ಅವನು ಹೋದದ್ದು ಕ್ಷೌರಿಕನ ಅಂಗಡಿಗೆ.

“ನೀವು ಯಾವ ಕ್ಲಬ್ಬು?”

ಕ್ಷೌರಿಕ ಕುರ್ಚಿಯ ಮೇಲೆ ನೊರೆ ಬಳಿಸಿಕೊಂಡು ಕುಳಿತವನನ್ನು ನೋಡಿದ. “ಕೆಂಪು. ರಕ್ತವೇ ಕೆಂಪು.” ಆ ಗಿರಾಕಿ ಎದ್ದು ಹೋಗಿ ಮತ್ತೊಬ್ಬ ಬಂದು ಕುಳಿತ. “ಬರ್ಕೊಳ್ಳಿ ಸ್ವಾಮಿ, ನೀಲಿ. ಆಕಾಶವೇ ನೀಲಿ,” ಎಂದ ಅದೇ ಕ್ಷೌರಿಕ. ಅಳತೆಗಾರ ಹೊರಡುವಾಗ ಬಾಗಿಲ ತನಕ ಬಂದು, “ಕತ್ತು ಅವರದು, ಕತ್ತಿ ನಂದು, ಹೊಟ್ಟೆಪಾಡು ಇಬ್ಬರದೂ. ನನ್ನ ಮಾತು ಕಟ್ಕೊಂಡು ಏನ್ ಅಳೀತೀರಿ?” ಎಂದ.

ಬಾಯಿಯ ಮಾತಿಗೆ ಮೀಟರಿಲ್ಲವೆಂದು ಬೇಸರದಿಂದ ತಲೆಯೆತ್ತಿದಾಗ ಅಳತೆಗಾರನಿಗೆ ಕಂಡದ್ದು ಬಟ್ಟೆ ಒಣಹಾಕುವ ಹಗ್ಗ. ಭಾನುವಾರದ ಆಟದಲ್ಲಿ ಬೆವೆತ ಅಂಗಿ, ಟೋಪಿ, ಕೊರಳವಸ್ತ್ರಗಳೆಲ್ಲ ಸೋಮವಾರದ ಬಿಸಿಲಿಗೆ ಬಂದಿದ್ದವು. ಬಾಯಿ ಸುಳ್ಳು ಹೇಳೀತು, ಒಗೆದ ಬಟ್ಟೆ ಹೇಳೀತೇ? ಹಗ್ಗಕ್ಕೆ ಉದ್ದವೂ ಉಂಟು! ಅವನು ಟೇಪು ಬಿಚ್ಚಿದ. ಈ ಕತೆ ಹೇಳುವವರಲ್ಲಿ ಕೆಲವರು ಟೇಪು ಐವತ್ತು ಮೀಟರಿನದೆನ್ನುತ್ತಾರೆ, ಕೆಲವರು ಮೂವತ್ತರದು. ಮೂವತ್ತೇ ನಿಜವಿರಬೇಕು, ಏಕೆಂದರೆ ಎರಡನೆಯ ಬೀದಿಯಲ್ಲೇ ಅದು ಸಾಲದಾಯಿತು.

ಮಧ್ಯಾಹ್ನದ ಹೊತ್ತಿಗೆ ಗುಟ್ಟು ರಟ್ಟಾಯಿತು. ಕೆಂಪಿನ ಕಾರ್ಯದರ್ಶಿಯಾದ ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಲಗಡೆ ಬಂದು ನಿಂತ. ನೀಲಿಯ ಕಾರ್ಯದರ್ಶಿಯಾದ ಸೈಕಲ್ ರಿಪೇರಿಯವಳು ಗ್ರೀಸಿನ ಕೈಯಲ್ಲೇ ಎಡಗಡೆ ನಿಂತಳು. ಸಂಜೆಯೊಳಗೆ ಅವನ ಅಂಗಿಯ ಒಂದು ತೋಳು ಬಿಳಿ, ಒಂದು ತೋಳು ಕಪ್ಪು.

“ರೀ, ಆ ಕೆಂಪು ಕಂಬಳಿ ಯಾಕೆ ಅಳೀತೀರಿ? ಅದು ಅವರಜ್ಜಿ ಹೊದೆಯೋದು!” ಎಂದಳು ಸೈಕಲ್‌ನವಳು.

“ಅಜ್ಜಿಗೆ ಅಭಿಮಾನ ಇರಬಾರ್ದಾ? ನಿಮ್ಮೋರು ಕಿಟಕಿ ಪರದೆ ನೇತುಹಾಕಿಲ್ವಾ?”

“ನಮ್ಮ ಕಿಟಕಿಗೂ ಅಭಿಮಾನ ಇದೆ ಕಣಯ್ಯ!”

ಕೆಂಪು ಎರಡು ಗೇಣು ಮುಂದಾದರೆ ನೀಲಿಯವರು ಹಾಸಿಗೆಯ ಹೊದಿಕೆ ಹರಿದು ತರುವರು. ನೀಲಿ ಮುಂದಾದರೆ ಕೆಂಪಿನವರು ಮೇಜಿನ ಬಟ್ಟೆ, ಕೊನೆಗೆ ಒಳಲಂಗಗಳನ್ನೂ ಮಾನ ಬಿಟ್ಟು ತರುವರು. ನಾಲ್ಕೂವರೆಗೆ ಊರಿನಲ್ಲಿ ಹಾಸಲು ಹೊದೆಯಲು ಬಟ್ಟೆ ಉಳಿಯಲಿಲ್ಲ. ಅಳತೆಗಾರ ಲೆಕ್ಕ ಕೂಡಿದ. ಕೆಂಪು ಆರುನೂರ ಹನ್ನೆರಡು ಮೀಟರ್. ನೀಲಿ ಆರುನೂರ ಹನ್ನೆರಡು ಮೀಟರ್.

ಸಾಹೇಬರು ತಾವೇ ಬೀದಿಗೆ ಬಂದರು. “ಇನ್ನು ಯಾವ ಮನೆ ಬಾಕಿ?”

ಅಳತೆಗಾರ ಚಿಲಕವನ್ನು ಬಿಗಿಯಾಗಿ ಹಿಡಿದ. “ನಮ್ಮನೆ ಒಂದೇ ಸಾರ್. ಅಂದ್ರೆ... ಮಾವನ ಮನೆ.” ಅತ್ತ ದರಿ, ಇತ್ತ ಪುಲಿ ಎಂದು ಬೆಳಗಿನಿಂದಲೂ ಆ ಬೀದಿಯನ್ನು ಅವನು ತಪ್ಪಿಸಿಕೊಂಡು ಓಡಾಡಿದ್ದ.

“ನಡೀರಿ. ಅಲ್ಲಿ ಯಾವ ಬಣ್ಣದ್ದು ಉದ್ದವೋ ಅದೇ ಟ್ಯಾಂಕಿಗೆ.”

ಊರೇ ಹಿಂದೆ ನಡೆಯಿತು, ಗುಂಪಿನಲ್ಲಿ ಅತ್ತೆಮಾವಂದಿರೂ ಇದ್ದರು. ದಾರಿಯುದ್ದಕ್ಕೂ ಬೇಕರಿಯವನು ಮಾವನ ಬೆನ್ನು ತಟ್ಟಿದ, ಸೈಕಲ್‌ನವಳು ಅತ್ತೆಯ ಕೈ ಕುಲುಕಿದಳು. ಹಿತ್ತಲಿನ ಬಾಗಿಲು ತೆರೆಯಿತು. ಎಲ್ಲರೂ ನೋಡಿದರು.

ನಾಲ್ಕು ವರ್ಷದಿಂದ ಕೆಂಪಿಗೊಂದು, ನೀಲಿಗೊಂದು ಬೇರೆ ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದ ಹೆಂಡತಿ, ಬಾಗಿಲು ಸಿಗುವ ಸಂತೋಷದಲ್ಲಿ, ಬೇಗ ಮುಗಿಯಲೆಂದು ಮಾವನ ಹೊಸ ಅಂಗಿ, ಅತ್ತೆಯ ಹೊಸ ಅಂಗಿ, ಪರದೆ, ಗಂಡನ ಬಿಳಿ ಷರಟು ಎಲ್ಲವನ್ನೂ ಒಂದೇ ಬಿಸಿನೀರಿನ ಹಂಡೆಗೆ ಹಾಕಿದ್ದಳು. ಹಗ್ಗದ ಮೇಲೆ ಈ ತುದಿಯಿಂದ ಆ ತುದಿಗೆ ಏಳು ಮೀಟರ್ ಅಪ್ಪಟ ನೇರಳೆ ಬಣ್ಣ ಗಾಳಿಗೆ ಆಡುತ್ತಿತ್ತು.

ನೇರಳೆಯೆಂದರೆ ಹೊಳೆಯಾಚೆಯ ಊರಿನ ಕ್ಲಬ್ಬು. ವರ್ಷವರ್ಷವೂ ಕೆಂಪನ್ನೂ ನೀಲಿಯನ್ನೂ ತಪ್ಪದೆ ಸೋಲಿಸುವ ಕ್ಲಬ್ಬು. ಈ ಊರಿನಲ್ಲಿ ತರಕಾರಿಯವಳು ಬದನೆಕಾಯಿಯನ್ನು ಸಹ ಎಲೆಕೋಸಿನಡಿ ಮುಚ್ಚಿಟ್ಟು ಮಾರುತ್ತಿದ್ದಳು.

“ದ್ರೋಹಿ!” ಎಂದ ಬೇಕರಿಯವನು.

“ಅದಕ್ಕೇ ಬೆಳಗ್ಗಿಂದ ಈ ಬೀದಿಗೆ ಬರ್ಲಿಲ್ಲ ಕಳ್ಳ!” ಎಂದಳು ಸೈಕಲ್‌ನವಳು. ಅವರಿಬ್ಬರೂ ಒಂದೇ ಪಕ್ಷದಲ್ಲಿ ಮಾತಾಡಿದ್ದು ಅದೇ ಮೊದಲು.

“ಹಾಗಲ್ಲ, ಬಿಸಿನೀರು...” ಎಂದು ಹೆಂಡತಿ ಬಾಯಿ ತೆರೆದಳು. ಗದ್ದಲದಲ್ಲಿ ಯಾರಿಗೆ ಕೇಳೀತು?

ಸಾಹೇಬರು ಗಡಿಯಾರ ನೋಡಿದರು. ಐದಕ್ಕೆ ಐದು ನಿಮಿಷ. “ಟ್ಯಾಂಕಿಗೆ ಸುಣ್ಣ ಬಳೀರಿ,” ಎಂದು ಬಣ್ಣದವನಿಗೆ ಕೂಗಿ, ಅಳತೆಗಾರನ ಕಿವಿಯ ಬಳಿ ಬಾಗಿದರು. “ನಿಮ್ಮನ್ನ ಇಲ್ಲಿ ಇಟ್ಕೊಂಡ್ರೆ ಕಲ್ಲು ಬೀಳುತ್ತೆ. ಈಗಿಂದೀಗ್ಲೇ ಹೊಳೆಯಾಚೆ ಕಚೇರಿಗೆ ವರ್ಗ. ಅಲ್ಲೂ ಕ್ವಾರ್ಟರ್ಸ್ ಇದೆ. ಒಂದೇ ಕೋಣೆ. ಆದ್ರೆ ಬಾಗಿಲಿದೆ.”

ಅಳತೆಗಾರ ತಲೆ ತಗ್ಗಿಸಿಕೊಂಡ. ಊರವರು ಅದನ್ನು ನಾಚಿಕೆಯೆಂದುಕೊಂಡರು. ಅವನು ನಗು ಬಚ್ಚಿಡುತ್ತಿದ್ದ.

ಆರಕ್ಕೆ ಗಂಡಹೆಂಡತಿ ಸೇತುವೆ ದಾಟಿದರು. ಅಳತೆಗಾರ ಹಗ್ಗದಿಂದ ತೆಗೆದು ತೊಟ್ಟಿದ್ದ ನೇರಳೆ ಷರಟು ಕಂಡು ಅಲ್ಲಿನವರು ಚಪ್ಪಾಳೆ ತಟ್ಟಿ ಸಾಮಾನು ಹೊತ್ತುಕೊಟ್ಟರು. ಆರೂವರೆಗೆ ಅಳತೆಗಾರ ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಗೆ ಚಿಲಕ ಕೂರಿಸಿದ. ಕೊನೆಯ ತಿರುಪು ಬಿಗಿಯುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಹೊಸ್ತಿಲ ಮೇಲೆ ಮಾವ, ಅತ್ತೆ. ಇಬ್ಬರ ಮೈಮೇಲೂ ಒದ್ದೆ ಆರದ ನೇರಳೆ ಅಂಗಿ. ನಡುವೆ ಟ್ರಂಕು, ಟ್ರಂಕಿನ ಮೇಲೆ ಟೀವಿ.

“ಕ್ಲಬ್ಬಿನಿಂದ ನನ್ನ ಹೆಸರು ಹೊಡೆದುಹಾಕಿದ್ರು,” ಎಂದರು ಮಾವ.

“ನಂದೂ,” ಎಂದರು ಅತ್ತೆ. “ಆ ಊರಲ್ಲಿ ಇನ್ನು ಮುಖ ತೋರಿಸೋ ಹಾಗಿಲ್ಲ. ನೀವಾದ್ರೂ ಇದೀರಲ್ಲ ಅಂತ ಬಂದ್ವಿ.” ಅವರು ಒಳಗೆ ಬಂದು ಕೋಣೆಯನ್ನು ಒಮ್ಮೆ ಕಣ್ಣಲ್ಲೇ ಗುಡಿಸಿ, ಟ್ರಂಕಿನಿಂದ ನೇರಳೆ ಪರದೆ ತೆಗೆದರು. “ಅಳಿಯಂದ್ರೇ, ಟೇಪ್ ಇದೆಯಲ್ಲ? ಸ್ವಲ್ಪ ಅಳೀರಿ, ಇದನ್ನ ಎಲ್ಲಿ ಕಟ್ಟೋಣ?”

ಅಳತೆಗಾರ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಕೊಂಡದ್ದು ದಂಡವಾಗಬಾರದೆಂದು ಅವನು ಬಾಗಿಲು ಮುಚ್ಚಿ, ಎರಡು ವರ್ಷ ಕಾಯಿಸಿದ ಆ ಚಿಲಕವನ್ನು ಮೊದಲ ಸಲ ಹಾಕಿದ. ಎಣ್ಣೆ ಹಚ್ಚಿದಂತೆ ಅದು ಸಲೀಸಾಗಿ ಜಾರಿ ಕೂತಿತು. ಒಳಗಡೆ ನಾಲ್ವರೂ ಭದ್ರವಾಗಿದ್ದರು.