ಭಾವನ ಎಡಗಾಲಿನ ನರ

ಅಂಗೈಯಗಲ ಚರ್ಮಕ್ಕಾಗಿ ನಾಲ್ಕು ವರ್ಷ ಕೇಸು ನಡೆಸಿದವರು ನನ್ನ ಭಾವನಲ್ಲದೆ ಈ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಹೇಳಿ, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಇವತ್ತೇ ಮರೆತುಬಿಡುತ್ತೇನೆ!

ಭಾವ ಎಂದರೆ ತೀರಿಹೋದ ನನ್ನ ಅಕ್ಕನ ಗಂಡ, ಬೆಳ್ಳೂರಿನ ರಿಟೈರ್ಡ್ ಡ್ರಿಲ್ ಮಾಸ್ಟ್ರು. ಮೂವತ್ತು ವರ್ಷ ಬಿಸಿಲಲ್ಲಿ ಅಟೆನ್ಷನ್ ನಿಂತು ನಿಂತು ಎಡಗಾಲಿನಲ್ಲಿ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ಪಾದದ ಮೇಲಿನ ಕೀಲಿನ ಹೊರಬದಿಯಲ್ಲಿ ಅಂಗೈಯಗಲ ಜಾಗದ ಸ್ಪರ್ಶವೂ ಹೋಯಿತು. ಅಲ್ಲಿ ಸೊಳ್ಳೆ ಕಚ್ಚಿದರೂ ಇವರಿಗೆ ತಿಳಿಯದು! ಕೊಯ್ದ ಸರ್ಜನ್ ಮತ್ತೆ ಮುಖ ತೋರಿಸಲಿಲ್ಲ, ಹೊಲಿಗೆ ಬಿಚ್ಚಿದ್ದು ಕೂಡ ನರ್ಸ್. ಭಾವನಿಗೆ ಸಿಟ್ಟು ಬಂದದ್ದು ಅದಕ್ಕೇ.

ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಕಾಲು. "ಚಿವುಟಿ ನೋಡಿ, ಗಟ್ಟಿ ಚಿವುಟಿ!" ಒಬ್ಬ ಇನ್ಶೂರೆನ್ಸ್ ಏಜೆಂಟ್ ಗಡಿಬಿಡಿಯಲ್ಲಿ ಬಲಗಾಲು ಚಿವುಟಿಬಿಟ್ಟ. ಮತ್ತೆ ಅವನು ಆ ದಾರಿಯಲ್ಲೇ ಸುಳಿಯಲಿಲ್ಲ!

ಕೊನೆಗೆ ಕನ್ಸ್ಯೂಮರ್ ಫೋರಂಗೆ ದೂರು ಕೊಡುವುದೆಂದಾಯಿತು. ಬರೆಯುವವಳು ನಾನು.

"ಪರಿಹಾರ ಎಂತ ಕೇಳುವುದು ಭಾವ?"

"ಆ ಡಾಕ್ಟ್ರು ಬಂದು ನನ್ನ ಕಾಲು ಮುಟ್ಟಿ ನೋಡ್ಬೇಕು. ಎಂತ ಆಯ್ತು ಅಂತ ಬಾಯಿ ಬಿಟ್ಟು ಹೇಳ್ಬೇಕು. ಅಷ್ಟೇ."

"ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ."

"ಮಾರ್ಜಿನಿನಲ್ಲಿ ಬರಿ ಮಾರಾಯ್ತಿ!"

"ಕೇಳದೆ ನನ್ನ ಒಳ್ಳೆ ನರ ತೆಗೆದ್ರು" ಎಂದು ಅವರು ಹೇಳಿದ್ದನ್ನು ನಾನು ಠೀವಿಯಿಂದ ಇಂಗ್ಲಿಷಿನಲ್ಲಿ ‘ನರ್ವ್’ ಎಂದು ಬರೆದೆ. ರಕ್ತ ಹರಿಯುವ ‘ವೇನ್’ ಕೂಡ ನಮ್ಮ ಬಾಯಲ್ಲಿ ನರವೇ ಎಂಬುದು ಕಾನ್ವೆಂಟ್ ಸಿಸ್ಟರ್‌ಗಳ ಶಿಷ್ಯೆಗೆ ಹೊಳೆಯಬೇಡವೇ? ಎದುರು ವಕೀಲರು ಆ ಒಂದು ಪದವನ್ನೇ ಹಿಡಿದು ಜಗ್ಗಿದರು: ನಾವು ನರ್ವ್ ತೆಗೆದೇ ಇಲ್ಲ, ತೆಗೆದದ್ದು ವೇನ್!

ಪ್ರತಿ ವಾಯಿದೆಗೂ ನಾನು ಮುಳ್ಳೇರಿಯಾದಲ್ಲಿ ಬಸ್ಸು ಹತ್ತಿ, ಬೆಳ್ಳೂರಿನಿಂದಲೇ ಭಾವ ಹಿಡಿದಿಟ್ಟ ಸೀಟಿನಲ್ಲಿ ಕೂತು, ಫೋರಂ ಇರುವ ವಿದ್ಯಾನಗರಕ್ಕೆ ಹೋಗುತ್ತಿದ್ದೆ. ಹೆಸರು ಕರೆದ ಕೂಡಲೇ ಭಾವ ಹಿಮ್ಮಡಿ ಜೋಡಿಸಿ "ಯೆಸ್ ಸರ್!" ಎನ್ನುವ ಅಬ್ಬರಕ್ಕೆ ಅಧ್ಯಕ್ಷರೇ ಒಮ್ಮೆ ಪೆನ್ನು ಬೀಳಿಸಿದರು. ಕೇಸು ಮುಂದಕ್ಕೆ ಹೋಗುತ್ತಿತ್ತು, ನಾವು ಕ್ಯಾಂಟೀನಿಗೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ನಾನು ತಿಂಗಳಲ್ಲಿ ಪೂರ್ತಿ ವಾಕ್ಯಗಳಲ್ಲಿ ಮಾತಾಡುವ ದಿನ ಅದೊಂದೇ. ಯಾರಿಗೂ ಹೇಳಬೇಡಿ, ತಪ್ಪು ಗೊತ್ತಾದ ಮೇಲೂ ಆ ಪದ ತಿದ್ದಲು ನನಗೆ ಅವಸರವಿರಲಿಲ್ಲ.

ಒಂದು ದಿನ ಸರ್ಜನ್ ಸ್ವತಃ ಬಂದರು. ಮಲಯಾಳಿ ಅಧ್ಯಕ್ಷರು ದೂರನ್ನು ಮತ್ತೊಮ್ಮೆ ಓದಿ ನಕ್ಕುಬಿಟ್ಟರು. "ನಮ್ಮಲ್ಲಿಯೂ ನರ್ವ್, ವೇನ್ ಎರಡಕ್ಕೂ ಞರಂಬು ಅಂತಲೇ ಹೇಳುವುದು! ಡಾಕ್ಟ್ರೆ, ನೀವೇ ಒಮ್ಮೆ ಕಾಲು ನೋಡಿ."

ಹೊರಗಿನ ವರಾಂಡದಲ್ಲಿ ಸರ್ಜನ್ ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕುಕ್ಕರಿಸಿದರು. "ಮಾಸ್ಟ್ರೆ, ವೇನ್ ಎಳೆಯುವಾಗ ಪಕ್ಕದ ಸಣ್ಣ ನರ್ವ್‌ಗೆ ಕೆಲವೊಮ್ಮೆ ಪೆಟ್ಟಾಗ್ತದೆ. ನಾನು ಮೊದಲೇ ಹೇಳ್ಬೇಕಿತ್ತು. ಸಾರಿ." ಬೆರಳಿಟ್ಟು ಒತ್ತಿದರು. "ಇಲ್ಲಿ ಮುಟ್ಟಿದ್ದು ಗೊತ್ತಾಗ್ತದಾ?"

"ಗೊತ್ತಾಗ್ತದೆ," ಎಂದರು ಭಾವ.

ಕೇಸು ಹಿಂತೆಗೆದುಕೊಂಡದ್ದೂ ಆಯಿತು.

ವಾಪಸು ಬಸ್ಸಿನಲ್ಲಿ ಕೇಳಿದೆ, "ನಿಜವಾಗಿ ಗೊತ್ತಾಯ್ತಾ ಭಾವ?"

"ಎಲ್ಲಿಂದ! ಅಷ್ಟು ದೊಡ್ಡ ಡಾಕ್ಟ್ರು ನೆಲದಲ್ಲಿ ಕೂತು ಕೇಳುವಾಗ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಆಮೇಲೆ ಅವರು ಕಿಟಕಿಯಾಚೆ ನೋಡುತ್ತ ಕೂತರು. ಇನ್ನು ವಾಯಿದೆ ಇಲ್ಲ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಬೋವಿಕ್ಕಾನ ದಾಟಿ ಒಂದು ತಿರುವಿನಲ್ಲಿ ಬಸ್ಸು ವಾಲಿದಾಗ ನನ್ನ ಪಾದ ಅವರ ಎಡಗಾಲಿಗೆ ತಾಗಿತು, ಸರಿಯಾಗಿ ಆ ಅಂಗೈಯಗಲ ಜಾಗಕ್ಕೇ. ಹಿರಿಯರಿಗೆ ಕಾಲು ತಾಗಿದರೆ ಕೂಡಲೇ ಹಿಂದಕ್ಕೆಳೆದು, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು.

ಭಾವನಿಗೆ ಗೊತ್ತಾಗಲಿಲ್ಲ. ಮುಳ್ಳೇರಿಯಾ ಬರುವವರೆಗೂ ನಾನು ಕಾಲು ತೆಗೆಯಲಿಲ್ಲ.