ಯಾವ ಪ್ರಾಣಿಯ ಐದು ನಿಮಿಷ?

ನನ್ನ ಅತ್ತಿಗೆ ಜೀವನದಲ್ಲಿ ಒಮ್ಮೆಯೂ ತಡ ಮಾಡಿದವರಲ್ಲ. ಹಾಗೆಂದು ಅವರೇ ಹೇಳುತ್ತಾರೆ! ಉಳಿದ ನಾವೆಲ್ಲ ಬೇಗ ಬಂದು ಸುಮ್ಮನೆ ಗಲಾಟೆ ಮಾಡುವವರಂತೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅವರ ಮನೆ ಕಾಪುವಿನಲ್ಲಿ. ನಾನಿರುವುದು ಉಡುಪಿಯಲ್ಲಿ, ಶಾಲೆಯ ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದವನು. ಏಳುವುದು, ನಡೆಯುವುದು, ಉಣ್ಣುವುದು ಎಲ್ಲವೂ ಗಡಿಯಾರದ ಅಪ್ಪಣೆಯಂತೆ. ಇಂಥವನಿಗೆ ದೇವರು ಎಂಥ ಅತ್ತಿಗೆಯನ್ನು ಕೊಟ್ಟ ನೋಡಿ!

ಒಮ್ಮೆ ಉಚ್ಚಿಲದಲ್ಲಿ ನೆಂಟರ ಮದುವೆ. ಅಣ್ಣ, ಅತ್ತಿಗೆಯನ್ನು ಕರೆದೊಯ್ಯಲು ಕಾರು ತೆಗೆದುಕೊಂಡು ಹೋದೆ. ಅಣ್ಣ ಜಗಲಿಯಲ್ಲಿ ಪೇಪರು ಓದುತ್ತಿದ್ದ.

"ಅತ್ತಿಗೆ, ಇನ್ನೆಷ್ಟು ಹೊತ್ತು?"

"ಐದು ನಿಮಿಷ!"

ಆ ಐದು ನಿಮಿಷದಲ್ಲಿ ನಾನು ಕಾರು ತಿರುಗಿಸಿ ನಿಲ್ಲಿಸಿದೆ, ಗಾಜು ಒರೆಸಿದೆ, ಅಣ್ಣ ಓದಿಟ್ಟ ಪೇಪರನ್ನು ಶ್ರದ್ಧಾಂಜಲಿಗಳ ಸಮೇತ ಓದಿ ಮಡಚಿದೆ.

"ಅತ್ತಿಗೆ, ಐದು ನಿಮಿಷ ಆಗಿ ಎಷ್ಟೋ ಹೊತ್ತಾಯಿತು!"

"ಯಾವುದರ ಐದು ನಿಮಿಷ?" ಎಂದು ಒಳಗಿನಿಂದ ಪ್ರಶ್ನೆ ಬಂತು.

ಐದು ನಿಮಿಷದಲ್ಲೂ ಬೇರೆ ಬೇರೆ ಜಾತಿ ಉಂಟೇ? ಉಂಟಂತೆ! ಕಾರಿನಲ್ಲಿ ಪಾಠವಾಯಿತು.

"ನಾನು ಪಕ್ಕದ ಮನೆಗೆ ಹೋಗಿ ಕರಿಬೇವು ತಂದರೆ ನಮ್ಮ ನಾಯಿ ಎಂತ ಮಾಡ್ತದೆ? ದುಬೈಯಿಂದ ಬಂದವರನ್ನು ಕಂಡ ಹಾಗೆ ಮೈಮೇಲೆ ಹಾರ್ತದೆ. ಅದಕ್ಕೆ ಐದು ನಿಮಿಷ ಅಂದರೆ ಎರಡು ವರ್ಷ. ಬೆಕ್ಕು ನೋಡು. ಮೀನಿನವಳನ್ನು ಬೆಳಿಗ್ಗೆಯಿಂದ ಕಾಯ್ತದೆ, ಒಂದು ಗೊಣಗಾಟ ಉಂಟಾ? ಅದಕ್ಕೆ ಐದು ನಿಮಿಷ ಅಂದರೆ ಎಂತದ್ದೂ ಅಲ್ಲ."

"ಹಾಗಾದರೆ ನಿಮ್ಮದು?"

"ನಾನು ಹೇಳಿದ್ದು ಬೆಕ್ಕಿನದ್ದು. ನೀನು ಕಾದದ್ದು ನಾಯಿಯದ್ದು!"

ಹಿಂದಿನ ಸೀಟಿನಲ್ಲಿ ಅಣ್ಣ ನಕ್ಕ. ಅವನು ಮದುವೆಯಾದ ವರ್ಷವೇ ಬೆಕ್ಕಿನ ಪಕ್ಷ ಸೇರಿದ್ದ.

ಮುಹೂರ್ತವೇನೋ ಸಿಕ್ಕಿತು. ಏಕೆಂದರೆ ಅದು ಇರುವುದಕ್ಕಿಂತ ಒಂದು ಗಂಟೆ ಮೊದಲೇ ಇದೆಯೆಂದು ಅತ್ತಿಗೆಗೆ ಹೇಳಿಟ್ಟಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿರುವಾಗ, ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅತ್ತಿಗೆ ಹೇಳಿದರು: "ನೀನು ಒಂದು ಗಂಟೆ ಸುಳ್ಳು ಹೇಳ್ತಿ ಅಂತ ಗೊತ್ತಿದ್ದೇ ನಾನು ಎರಡು ಸಲ ಸೀರೆ ಬದಲಾಯಿಸಿದ್ದು, ಮಾರಾಯ."

ಇನ್ನೊಮ್ಮೆ ಅವರ ಮನೆಯಲ್ಲಿ ಹಲಸಿನ ತೊಳೆಗಳಿಗೆ ನೊಣ ಮುತ್ತಿದ್ದವು. ನಾನು ಪೇಪರು ಸುತ್ತಿಕೊಂಡು ಯುದ್ಧಕ್ಕಿಳಿದೆ. ಪೆಟ್ಟು ಬಿದ್ದದ್ದೆಲ್ಲ ಮೇಜಿಗೆ.

"ನಿನ್ನ ಕೈ ಬರುವುದು ನೊಣಕ್ಕೆ ಹೇಗೆ ಕಾಣ್ತದೆ ಗೊತ್ತುಂಟಾ?" ಅತ್ತಿಗೆ ಕೇಳಿದರು. "ಸಿಕ್ಕಸಿಕ್ಕಲ್ಲಿ ನಿಲ್ಲಿಸುವ ಬಸ್ಸು ಕಾರ್ಕಳದಿಂದ ಬಂದ ಹಾಗೆ. ನಿಂತು, ಜನ ಇಳಿಸಿ, ಹತ್ತಿಸಿ... ಅಷ್ಟರಲ್ಲಿ ಅದು ಊಟ ಮುಗಿಸಿ ಕೈ ತೊಳೆದು ಹೋಗ್ತದೆ!"

ನೋಡಿದರೆ ನೊಣ ನಿಜವಾಗಿಯೂ ಎರಡು ಕೈ ಉಜ್ಜಿಕೊಳ್ಳುತ್ತಿತ್ತು.

ಅವರ ಅಡುಗೆಮನೆಯಲ್ಲಿ ಗಡಿಯಾರವೇ ಇಲ್ಲ. ಕಾವಲಿಯ ಮೇಲೆ ಬಂಗುಡೆ, ಹೊಸ್ತಿಲ ಮೇಲೆ ಬೆಕ್ಕು. ಬೆಕ್ಕು ಎದ್ದು ನಿಂತರೆ ಮೀನು ಮಗುಚಬೇಕು, ಕೂಗಿದರೆ ಇಳಿಸಬೇಕು. ಸ್ಟಾಪ್‌ವಾಚ್ ಹಿಡಿದು ನಾನೇ ಪರೀಕ್ಷೆ ಮಾಡಿದೆ. ಬೆಕ್ಕು ಪಾಸಾಯಿತು! ಎಡವಟ್ಟಾದದ್ದು ಅದು ಮರಿ ಹಾಕಿ ಅಟ್ಟ ಸೇರಿದಾಗ. ಆ ವಾರವಿಡೀ ಅಣ್ಣ ಕರಿದ ಮೀನಿನ ಬದಲು ಕರಿ ಮೀನು ತಿಂದ.

ಹೀಗೆ ನಗುತ್ತಿದ್ದವನಿಗೆ ಕಳೆದ ವರ್ಷ ಸೊಂಟ ಹಿಡಿಯಿತು. ಬಲಗಾಲಿನ ಬೆರಳುಗಳು ಮೇಲೇಳದಾದವು. ನಡೆದರೆ ಪಾದ ನೆಲಕ್ಕೆ ತಾಗಿ ಮುಗ್ಗರಿಸುತ್ತಿದ್ದೆ. ಮಣಿಪಾಲದ ವೈದ್ಯರು ಸ್ಕ್ಯಾನ್ ಬರೆದುಕೊಟ್ಟರು. ಕೊಳವೆಯಂಥ ಯಂತ್ರದೊಳಗೆ ಅಲುಗಾಡದೆ ಮಲಗಬೇಕು. ಕೈಗಡಿಯಾರ ಬಿಚ್ಚಿಸಿದರು. ರಬ್ಬರಿನ ಬುಗ್ಗೆಯೊಂದನ್ನು ಕೈಗೆ ಕೊಟ್ಟು, ಹೆದರಿಕೆಯಾದರೆ ಒತ್ತಿ ಎಂದರು. ಹೆದರಿಕೆಯೇ? ನನಗೆ?

ಒಳಗೆ ಡಬಡಬ ಸದ್ದು. ಮೂಗಿನ ತುದಿಯಲ್ಲೇ ಛಾವಣಿ. ಉಸಿರು ಸಿಕ್ಕಲಿಲ್ಲ. ಅರ್ಧ ಗಂಟೆ ಹಲ್ಲು ಕಚ್ಚಿ ತಡೆದು, ಕೊನೆಗೆ ಬುಗ್ಗೆ ಒತ್ತಿಯೇಬಿಟ್ಟೆ. ಯಂತ್ರ ನಡೆಸುವ ಯುವಕ ಹೊರಗೆಳೆದ.

"ಸರ್, ಎರಡು ನಿಮಿಷವೂ ಆಗಲಿಲ್ಲ."

"ನಿಮ್ಮ ಗಡಿಯಾರ ಕೆಟ್ಟಿದೆ!" ಎಂದು ಜಗಳಕ್ಕೇ ನಿಂತೆ. ಮತ್ತೆ ಒಳಗೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ.

ವೈದ್ಯರು ಸ್ಪಷ್ಟವಾಗಿ ಹೇಳಿದರು: ನರಕ್ಕೆ ಎಲ್ಲಿ ಒತ್ತಡ ಬಿದ್ದಿದೆಯೆಂದು ನೋಡದೆ ಆಪರೇಷನ್ ಇಲ್ಲ, ತಡವಾದರೆ ಆ ಪಾದ ಮತ್ತೆ ಏಳುವುದು ಕಷ್ಟ. ಎಷ್ಟು ಸಾವಿರ ಮಕ್ಕಳಿಂದ ಎಡ, ಬಲ ಎಂದು ಕಾಲು ಎತ್ತಿಸಿದವನು ನಾನು!

ಎರಡನೆಯ ಸಲ ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಿಗೆ ಕುಳಿತಿದ್ದರು. ನನಗಿಂತ ಮೊದಲು!

"ಅತ್ತಿಗೆ, ನೀವು ಇಷ್ಟು ಬೇಗ?"

"ಬೇಗ ಎಂತದ್ದು? ನಡಿ, ನಾನೂ ಒಳಗೆ ಬರ್ತೇನೆ."

ಜೊತೆಗೆ ಒಬ್ಬರು ಇರಬಹುದು, ಮೈಮೇಲೆ ಲೋಹ ಇರಬಾರದು ಎಂದರು. ಅತ್ತಿಗೆ ಕರಿಮಣಿ, ಬಳೆ, ಕಿವಿಯೋಲೆ ಕಳಚಿದರು. ಆಮೇಲೆ ಸೀರೆಯ ಪಿನ್ನುಗಳು ಹೊರಡತೊಡಗಿದವು. ನರ್ಸಮ್ಮ ಹಿಡಿದ ತಟ್ಟೆ ತುಂಬುತ್ತ ಬಂತು. "ಇನ್ನೂ ಉಂಟಾ, ಅಮ್ಮ?" ಎಂದು ಆಕೆ ಕೇಳಿದರೆ, "ಸೆರಗಿನ ಸೇನೆ ಮುಗಿಯಿತು, ನೆರಿಗೆಯ ಸೇನೆ ಬಾಕಿ" ಎಂದರು.

ಮಲಗಿದವನ ಕಿವಿಯಲ್ಲಿ ಹೇಳಿದರು: "ಗೋಡೆಯ ಹಲ್ಲಿ ಕಂಡಿದ್ದೀಯಲ್ಲ? ಇಡೀ ಸಂಜೆ ಅಲ್ಲಾಡುವುದಿಲ್ಲ. ಇದು ಹಲ್ಲಿಯ ಐದು ನಿಮಿಷ, ತಿಳೀತಾ?"

ಹಲಗೆ ಒಳಗೆ ಸರಿಯಿತು. ಸದ್ದು ಶುರುವಾಯಿತು. ಹಲ್ಲಿ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಬೆರಳು ಬುಗ್ಗೆಯ ಮೇಲೆ ಬಿಗಿಯಾಯಿತು. ಆಗ ನನ್ನ ಅಂಗಾಲಿಗೆ ತಣ್ಣನೆಯ ಕೈಯೊಂದು ತಗಲಿತು.

ಅತ್ತಿಗೆ! ನಾನು ಅವರ ಕಾಲು ಮುಟ್ಟಿ ನಮಸ್ಕರಿಸಬೇಕಾದವನು. ಹಿರಿಯರು ಕಿರಿಯರ ಪಾದ ಹಿಡಿಯುವುದೇ? ಬೇಡ ಎನ್ನಲು ಬಾಯಿ ತೆರೆಯುವಂತಿಲ್ಲ, ಕಾಲು ಎಳೆದುಕೊಳ್ಳುವಂತಿಲ್ಲ. ಆ ಕೈ ಅಲ್ಲೇ ಉಳಿಯಿತು. ತಣ್ಣಗಿದ್ದದ್ದು ನಿಧಾನವಾಗಿ ಬೆಚ್ಚಗಾಯಿತು. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಬುಗ್ಗೆ ಕೈಯಿಂದ ಯಾವಾಗ ಜಾರಿತೋ ಅದೂ ತಿಳಿಯದು.

ಹಲಗೆ ಹೊರಗೆ ಬಂತು.

"ಚಿತ್ರ ಚೆನ್ನಾಗಿ ಬಂದಿದೆ ಸರ್," ಎಂದ ಯುವಕ. "ಅಮ್ಮ, ಮುಗಿಯಿತು. ಇನ್ನು ಕಾಲು ಬಿಡಿ."

"ನನಗೆ ಎಂತಕ್ಕೆ ಹೇಳುವುದು ಮಾರಾಯ್ರೆ? ಅವನಿಗೆ ಹೇಳಿ. ಅವನು ಬಿಡಲಿ ಮೊದಲು!"

ತಲೆಯೆತ್ತಿ ನೋಡಿದೆ. ನನ್ನ ಎರಡೂ ಪಾದಗಳು ಅತ್ತಿಗೆಯ ಕೈಯನ್ನು ನಡುವೆ ಸೇರಿಸಿಕೊಂಡು, ಅವರ ಬೆರಳುಗಳು ಬಿಳಿಚುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದವು.